ನನ್ನ ಮೈಮೇಲಿನ ಕಲೆಗಳು, ಮಾವನವರ ಮರ್ಯಾದೆ

ಮದುವೆಯಾಗಿ ಹುಬ್ಬಳ್ಳಿಗೆ ಬಂದ ಕೆಲವು ವರ್ಷಗಳಲ್ಲೇ ನನಗೆ ಚಳಿಜ್ವರ ಹಿಡಿಯಿತು. ಎರಡನೇ ಮಹಾಯುದ್ಧದ ಕಾಲ, ಚಳಿಜ್ವರದ ಔಷಧ ಕ್ವಿನೈನ್ ಸಿಗುವುದೇ ಕಷ್ಟ. ಅರಳೆ ವ್ಯಾಪಾರಿಯಾದ ಮಾವನವರು ಮಾತ್ರ ಅದನ್ನೂ ಅರಳೆಯಂತೆ ಕೂಡಿಟ್ಟಿದ್ದರು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವರೇ ವೈದ್ಯರು. ಕ್ವಿನೈನ್ ಪುಡಿಯನ್ನು ಬೆಲ್ಲದಲ್ಲಿ ಉಂಡೆ ಕಟ್ಟಿ ನನಗೂ ನುಂಗಿಸಿದರು. ಜ್ವರ ಇಳಿಯುವ ಬದಲು ತೋಳು, ತೊಡೆಗಳ ಮೇಲೆ ನೇರಳೆ ಬಣ್ಣದ ಕಲೆಗಳೆದ್ದವು. ಒಸಡಿನಿಂದ ರಕ್ತ ಜಿನುಗತೊಡಗಿದಾಗ ಅತ್ತೆ, ಹಾಸಿಗೆ ಹೊಲಸಾದೀತೆಂಬ ಕಾಳಜಿಯಿಂದ, ಟಾಂಗಾ ತರಿಸಿ ನನ್ನನ್ನು ದವಾಖಾನೆಗೆ ಸಾಗಿಸಿದರು.

ಹೆಂಗಸರ ವಾರ್ಡಿನ ಲೇಡಿ ಡಾಕ್ಟರ್, ಬಾಯಿಯವರು, ನನ್ನ ತೋಳು ನೋಡಿ, ಅತ್ತೆಯನ್ನು ಹೊರಗೆ ಕಳಿಸಿದರು.

"ಖರೇ ಹೇಳವಾ, ಯಾರು ಹೊಡದಾರ ನಿನ್ನ?"

"ಯಾರೂ ಹೊಡದಿಲ್ರೀ ಬಾಯಾರ. ತಾವs ಎದ್ದಾವ."

ಅವರು ನಂಬಲಿಲ್ಲ. ಬಾಗಿಲ ಹಿಂದೆ ಕಿವಿಯಿಟ್ಟು ನಿಂತಿದ್ದ ಅತ್ತೆ ಈ ಮಾತನ್ನು ಮನೆಗೆ ಒಯ್ದರು. ಸಂಜೆಯ ಹೊತ್ತಿಗೆ ಮಾವನವರು ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ವಾರ್ಡಿಗೆ ಬಂದರು. ಮೂವರೂ ಮದುವೆಯ ಮಾತುಕತೆಗೆ ಹೊರಟವರಂತೆ ಹೊಸ ರುಮಾಲು ಸುತ್ತಿದ್ದರು. ಅವರ ಬೆನ್ನ ಹಿಂದೆ ನನ್ನ ಗಂಡ. ಜ್ವರ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

"ನಮ್ಮ ಮನ್ಯಾಗ ಸೊಸ್ಯಾರ ಮ್ಯಾಲ ಕೈ ಮಾಡೂ ಪದ್ಧತಿ ಇಲ್ರಿ. ಬೇಕಾದ್ರ ಇವರನ್ನ ಕೇಳ್ರಿ," ಎಂದರು ಮಾವ.

ಹಿರಿಯರು ತಲೆಯಾಡಿಸಿದರು. ನಮ್ಮ ಪಡಸಾಲೆ ದಾಟಿ ಒಳಗೆ ಏನು ನಡೆಯುತ್ತದೆಂದು ಎಂದೂ ಕಂಡವರಲ್ಲ ಅವರು. ಮಾವ ನನ್ನತ್ತ ತಿರುಗಿದರು.

"ಹೇಳವಾ, ಎಲ್ಲಾರಿಗೂ ಕೇಳೂಹಂಗ ಹೇಳು."

ನನ್ನ ಬಾಯಿ ತುಂಬ ರಕ್ತವಿತ್ತು. ಬೋಗುಣಿಗೆ ಉಗುಳಿದೆ. ಗಂಡ ಗೋಡೆಯ ಕಡೆ ಮುಖ ಮಾಡಿದ.

ಆ ರಕ್ತ ಕಂಡು ಬಾಯಿಯವರಿಗೆ ಬೇರೆ ಅನುಮಾನ ಬಂತು. ನನ್ನ ತೋಳಿಗೆ ಪಟ್ಟಿ ಬಿಗಿದು ಸ್ವಲ್ಪ ಹೊತ್ತು ಬಿಟ್ಟರು. ಅದರ ಕೆಳಗೆ ಮುಂಗೈವರೆಗೂ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಮೂಡಿದವು.

"ಹೊಡತ ಅಲ್ರಿ ಇದು. ರಕ್ತ ಹೆಪ್ಪುಗಟ್ಟಸೂ ಕಣಾ ಕಡಿಮಿ ಆಗ್ಯಾವ. ಚರ್ಮದ ಒಳಗs ಸೋರಾಕತ್ತೈತಿ."

ಸೊಸೆಯ ರಕ್ತ ಸೋರುತ್ತಿರುವ ಸುದ್ದಿ ಮಾವನವರಿಗೆ ಮೊಮ್ಮಗ ಹುಟ್ಟಿದ ಸುದ್ದಿಯಂತೆ ಕೇಳಿಸಿತು. ಮುಖ ಅರಳಿತು.

"ಇನ್ನೊಮ್ಮೆ ಬಿಗೀರಿ, ಬಾಯಾರ. ಈ ಹಿರ್ಯಾರು ಚಾಳೀಸ ತಂದಿಲ್ಲ, ಸರಿಯಾಗಿ ಕಾಣಲಿಲ್ಲ."

ಬಾಯಿಯವರು ಎಲ್ಲರನ್ನೂ ಹೊರಗಟ್ಟಿದರು. ಮನೆಯಲ್ಲಿ ಏನು ನುಂಗಿಸಿದ್ದರೆಂದು ನನ್ನನ್ನು ಕೇಳಿ, ಅಂದೇ ಕ್ವಿನೈನ್ ನಿಲ್ಲಿಸಿ ಚಳಿಜ್ವರಕ್ಕೆ ಬೇರೆ ಹಳದಿ ಗುಳಿಗೆ ಕೊಟ್ಟರು. ಕೆಲವರ ಮೈಗೆ ಕ್ವಿನೈನ್ ಆಗಿಬರುವುದಿಲ್ಲವಂತೆ. ಬರಬರುತ್ತ ರಕ್ತ ನಿಂತಿತು, ಕಲೆಗಳು ಹಸಿರಾಗಿ, ಹಳದಿಯಾಗಿ ಮಾಸಿದವು. ಕ್ವಿನೈನೇ ಕಾರಣವೆಂದು ತಿಳಿಸಿದಾಗ ನಮ್ಮ ಬೆಲ್ಲದುಂಡೆಯ ವೈದ್ಯರು ಕೊಟ್ಟ ಉತ್ತರ: "ಔಷಧ ಛಲೋ ಐತ್ರಿ, ಆಕಿ ಮೈನs ಸರಿ ಇಲ್ಲ."

ಆ ವರ್ಷದ ದೀಪಾವಳಿಯಲ್ಲಿ ನನ್ನ ಮೈದುನನ ಹೆಂಡತಿಯ ಕಪಾಳ ಊದಿಕೊಂಡಿತ್ತು, ತೋಳಿನ ಮೇಲೆ ಬೆರಳ ಗುರುತುಗಳು ಮೂಡಿದ್ದವು. ಫರಾಳದ ತಿಂಡಿಗೆ ಬಂದ ಓಣಿಯ ಹೆಂಗಸರಿಗೆ ಅತ್ತೆ ಕಣ್ಣು ಮಿಟುಕಿಸದೆ ಹೇಳಿದರು:

"ಈಕಿಗೂ ಹಿರೇ ಸೊಸಿ ಜ್ವರನs ಬಂದೈತಿ ನೋಡ್ರಿ."

ನಾನು ಎಲ್ಲರೆದುರು ಅವಳ ಹಣೆ ಮುಟ್ಟಿದೆ.

"ಮೈ ತಣ್ಣಗೈತಲ್ರಿ, ಅತ್ತಿ. ಜ್ವರ ಈಕಿಗಲ್ಲ, ನಿಮ್ಮ ಸಣ್ಣ ಮಗಗ ಬಂದೈತಿ."

ಚಕ್ಕಲಿ ಮುರಿಯುತ್ತಿದ್ದ ಕೈಗಳು ನಿಂತವು. ಅಂದೇ ಮಧ್ಯಾಹ್ನ ಅವಳನ್ನು ಅವಳ ತವರೂರು ಗರಗಕ್ಕೆ ಕರೆದುಕೊಂಡು ಹೊರಟೆ. ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತು, "ಅಪ್ಪನ್ನ ಕೇಳಿದೇನು?" ಎಂದ. ಆತನ ಪೌರುಷ ಅಷ್ಟಕ್ಕೇ ಮುಗಿಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಗರಗದಲ್ಲಿ ಚರಕದ ಮೇಲೆ ನೂಲುತ್ತ ಉಳಿದಳು, ಮರಳಿ ಬರಲಿಲ್ಲ. ಎಷ್ಟೋ ವರ್ಷಗಳವರೆಗೆ ಮಾವನವರು ಕೇಳಿದವರಿಗೆಲ್ಲ ಹೇಳುತ್ತಿದ್ದರು: "ಹವಾ ಬದಲಿಸಾಕ ಹೋಗ್ಯಾಳ್ರಿ."