ಸರೋವರದ ನಡುವೆ ಗಡಿ ಹುಡುಕಿದ ಕ್ಲೆರೀಸ್

ಬೆಳಿಗ್ಗೆ ಆರು ಇಪ್ಪತ್ತು. ಫೆಬ್ರವರಿಯ ಶಾಂಪ್ಲೇನ್ ಸರೋವರ ಅರ್ಧ ಹೆಪ್ಪುಗಟ್ಟಿದೆ. ನ್ಯೂಯಾರ್ಕ್ ದಡ ಬಿಟ್ಟ ಲಾಂಚು ಮಂಜುಗಡ್ಡೆ ಒಡೆಯುತ್ತ ವರ್ಮಾಂಟ್ ಕಡೆ ಹೊರಟಿದೆ. ಲಾರಿ, ಕಾರುಗಳ ನಡುವೆ ಕಂಬಿಗೆ ಒರಗಿ, ಒಂದು ಕೈಗವಸು ಕಳಚಿ, ಅರವತ್ತೆರಡು ವರ್ಷದ ಹೆಂಗಸೊಬ್ಬರು ಕೈಗಡಿಯಾರ ನೋಡುತ್ತಿದ್ದಾರೆ.

"ಗಡಿ ಎಲ್ಲಿ ಬರತ್ತಪ್ಪಾ?" ಎಂದು ಹಗ್ಗ ಸುತ್ತುತ್ತಿದ್ದ ಕೆಲಸಗಾರನನ್ನು ಕೇಳುತ್ತಾರೆ.

"ಯಾವ ಗಡಿ ಅಮ್ಮಾ? ನೀರಲ್ಲಿ ಯಾರೂ ಬೇಲಿ ಹಾಕಿಲ್ಲ."

"ರಾಜ್ಯದ ಗಡಿ. ಕ್ಯಾಪ್ಟನ್ ಹತ್ರ ನಕ್ಷೆ ಇರತ್ತಲ್ಲ, ಕೇಳಿ ಹೇಳು."

ಅವನು ಗೊಣಗುತ್ತ ಮೆಟ್ಟಿಲು ಹತ್ತುತ್ತಾನೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವನ ದನಿ: "ಈಗ ದಾಟಿದ್ವಿ. ಏನಾದ್ರೂ ಬೇರೆ ಥರ ಅನ್ನಿಸ್ತಾ?"

ಆರು ಇಪ್ಪತ್ತೆಂಟು. ಕ್ಲೆರೀಸ್ ಬೋಶ್ಮಿನ್ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಇವತ್ತು ಶನಿವಾರ, ಅವರಿಗೆ ರಜೆ. ಟಿಕೆಟ್ಟೂ ಅವರದೇ ಖರ್ಚು.

ಕ್ಲೆರೀಸ್ ವರ್ಮಾಂಟ್ ರಾಜ್ಯದ ವಿಮಾ ಇಲಾಖೆಯಲ್ಲಿ ಪರೀಕ್ಷಕಿ. ಮೂವತ್ತೈದು ವರ್ಷದ ಸೇವೆ. ಹೊರಗಿನ ವಿಮೆ ದುಬಾರಿಯಾದಾಗ, ಅಥವಾ ಯಾರೂ ವಿಮೆ ಕೊಡಲು ಒಪ್ಪದಿದ್ದಾಗ, ಕೆಲವು ಉದ್ದಿಮೆಗಳು ಸೇರಿ ತಮಗಾಗಿಯೇ ಒಂದು ವಿಮಾ ಕಂಪನಿ ಕಟ್ಟಿಕೊಳ್ಳುತ್ತವೆ. ಅದಕ್ಕೆ ಕ್ಯಾಪ್ಟಿವ್, ಅಂದರೆ ಬಂದಿ, ಎಂದು ಹೆಸರು. "ಹೆಸರು ಸರಿಯಾಗೇ ಇದೆ," ಎನ್ನುತ್ತಾರೆ ಕ್ಲೆರೀಸ್. "ಆ ದುಡ್ಡನ್ನ ಕೂಡಿಹಾಕಿರಬೇಕು. ಬಾಗಿಲು ತೆಗೀರಿ ಅಂತ ಮೊದಲು ಬರೋನೇ ಮಾಲೀಕ."

ಇಂಥ ಕಂಪನಿಗಳು ಬಂದರೆ ರಾಜ್ಯಕ್ಕೆ ತೆರಿಗೆ, ಊರಿನ ವಕೀಲರಿಗೆ, ಲೆಕ್ಕಿಗರಿಗೆ, ಹೋಟೆಲಿನವರಿಗೆ ಕೆಲಸ. ಹಾಗಾಗಿ ಹತ್ತಾರು ರಾಜ್ಯಗಳು ಇವನ್ನು ಕೈಬೀಸಿ ಕರೆಯುತ್ತವೆ. ಕೇಳಿದ್ದಕ್ಕೆ ಬೇಗ ಉತ್ತರ ಕೊಡುವುದು ವರ್ಮಾಂಟಿನ ಹೆಗ್ಗಳಿಕೆ. ಕ್ಲೆರೀಸ್ ಕೈಯಲ್ಲಿ ಮೂವತ್ತಾರು ಕಂಪನಿಗಳಿವೆ. ಆರೂವರೆಗೆ ರಾಜಧಾನಿ ಮಾಂಟ್‌ಪೀಲಿಯರ್‌ನ ಕಚೇರಿಯ ದೀಪ ಹಾಕುವವರು ಅವರೇ. ಬೇರೆಯವರು ಮೊದಲು ಲೆಕ್ಕದ ಹಾಳೆ ತೆಗೆದರೆ, ಅವರು ಮೊದಲು ತೆಗೆಯುವುದು ಪರಿಹಾರ ಪಡೆಯುತ್ತಿರುವವರ ಕಡತ. ದಿನಕ್ಕೆ ಹತ್ತು ಹನ್ನೆರಡು ಕಡತ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ.

ಈ ಅಭ್ಯಾಸ ಬಂದದ್ದು ಸುಟ್ಟ ಕೊಟ್ಟಿಗೆಯಿಂದ. ಕೆನಡಾ ಗಡಿಯ ಹತ್ತಿರ ಅಪ್ಪನಿಗೆ ನಲವತ್ತು ಹಸುಗಳಿದ್ದವು. ಕ್ಲೆರೀಸ್‌ಗೆ ಹನ್ನೊಂದು ತುಂಬಿದ ವರ್ಷ ಕೊಟ್ಟಿಗೆಗೆ ಬೆಂಕಿ ಬಿತ್ತು. ವಿಮೆ ಇತ್ತು, ವಿಮಾ ಕಂಪನಿಯಲ್ಲಿ ಹಣ ಇರಲಿಲ್ಲ. "ಅಪ್ಪ ಎರಡು ವರ್ಷ ದಿನಾ ಟಪಾಲು ಡಬ್ಬಿ ತೆಗೆದು ನೋಡ್ತಿದ್ರು. ಆಮೇಲೆ ನೋಡೋದು ಬಿಟ್ರು. ಉಳಿದ ಹಸು ಮಾರಿದ್ರು." ಹುಡುಗಿ ಚೀಸ್ ಕಾರ್ಖಾನೆಯಲ್ಲಿ ತೂಕ ಬರೆಯುತ್ತ ಸಂಜೆ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿತಳು. ಇಲಾಖೆಗೆ ಸೇರಿದ್ದು ಕಡತ ಜೋಡಿಸುವ ಕೆಲಸಕ್ಕೆ.

ಲಾಂಚಿನ ಪ್ರಯಾಣಕ್ಕೆ ಕಾರಣವಾದದ್ದೂ ಒಂದು ಕಡತ. ಸಂಖ್ಯೆ ನಲವತ್ತೊಂದು. ಸರೋವರದ ಆಚೆ, ನ್ಯೂಯಾರ್ಕ್ ದಡದ ಕಾಡುಗಳಲ್ಲಿ ಮರದ ದಿಮ್ಮಿ ಸಾಗಿಸುವ ಐವರು ಲಾರಿ ಮಾಲೀಕರ ಕ್ಯಾಪ್ಟಿವ್ ಒಂದಿದೆ. ಒಂಬತ್ತು ವರ್ಷದ ಹಿಂದೆ ಅವರ ಲಾರಿಯಿಂದ ಜಾರಿದ ದಿಮ್ಮಿಯೊಂದು ಹಿಂದಿನ ಕಾರಿನ ಮೇಲೆ ಬಿತ್ತು. ಕಾರಿನಲ್ಲಿದ್ದವನಿಗೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇಲ್ಲ. ಅವನು ಬದುಕಿರುವವರೆಗೆ ದಾದಿಯ ಸಂಬಳ, ಔಷಧಿ, ಗಾಲಿಕುರ್ಚಿಯ ಖರ್ಚು ಕೊಡುತ್ತೇವೆಂದು ಕಂಪನಿ ಬರೆದುಕೊಟ್ಟಿದೆ.

ಈ ಚಳಿಗಾಲ ಆ ಕಂಪನಿ ಅರ್ಜಿ ಹಾಕಿತು. ಕೈಯಲ್ಲಿರುವ ಅರವತ್ತೈದು ಲಕ್ಷ ಡಾಲರಿನಲ್ಲಿ ನಲವತ್ತು ಲಕ್ಷವನ್ನು ಹೊಸ ಲಾರಿಗಳಿಗಾಗಿ ಮಾಲೀಕರಿಗೇ ಸಾಲ ಕೊಡಬೇಕಂತೆ. ಇಲಾಖೆ ಒಪ್ಪಿದರೆ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಅವರ ದಿಮ್ಮಿ ಕೊಳ್ಳುತ್ತಿದ್ದ ಕಾಗದದ ಕಾರ್ಖಾನೆ ಮುಚ್ಚಿದೆ. ಸಾಲ ಮರಳದಿದ್ದರೆ ಕೆಲವೇ ವರ್ಷಗಳಲ್ಲಿ ದಾದಿಯ ಸಂಬಳ ನಿಲ್ಲುತ್ತದೆ. ಸಾಮಾನ್ಯ ವಿಮಾ ಕಂಪನಿ ಮುಳುಗಿದರೆ ಕೈಹಿಡಿಯಲು ಈಗ ಒಂದು ನಿಧಿ ಇದೆ. ಕ್ಯಾಪ್ಟಿವ್ ಮುಳುಗಿದರೆ ಏನೂ ಇಲ್ಲ.

ಕ್ಲೆರೀಸ್ ಅವರ ಮೇಲಧಿಕಾರಿ ಎಲ್ವಿನ್ ಸ್ಟಾಕ್‌ವೆಲ್ ಮೇಜಿನ ಬಳಿ ಬಂದು ನಿಂತರು. "ಅವರು ಇನ್ನೊಂದು ರಾಜ್ಯಕ್ಕೂ ಕಾಗದ ಬರೆದಿದ್ದಾರೆ. ಬೇಗ ಉತ್ತರ ಕೊಡಿ ಕ್ಲೆರೀಸ್. ಹೋದ ವರ್ಷ ಇಂಥ ಎರಡು ಕಂಪನಿ ಕಳಕೊಂಡಿದ್ದೀವಿ."

"ಬೇಗ ಕೊಡ್ತೀನಿ. ಬೇಗ ಅಂದ್ರೆ ಹೂಂ ಅನ್ನೋದು ಅಂತಲ್ಲ."

"ಊಹೂಂ ಅನ್ನೋಕೆ ಕಾರಣ ಬೇಕಲ್ಲ ಮತ್ತೆ?"

ಕಾರಣ ಆ ಕಂಪನಿಯ ಸಭೆಯ ನಡಾವಳಿಯಲ್ಲಿ ಸಿಕ್ಕಿತು. ಇಲ್ಲಿ ನೋಂದಾಯಿಸಿದ ಕ್ಯಾಪ್ಟಿವ್‌ನ ನಿರ್ದೇಶಕರು ವರ್ಷಕ್ಕೊಮ್ಮೆಯಾದರೂ ವರ್ಮಾಂಟಿನ ನೆಲದಲ್ಲಿ ಸಭೆ ಸೇರಬೇಕು. ಜನವರಿಯಲ್ಲಿ ಕಾಡಿನ ನೆಲ ಚಳಿಗೆ ಗಟ್ಟಿಯಾಗಿರುತ್ತದೆ, ದಿಮ್ಮಿ ಎಳೆಯುವವರಿಗೆ ಒಂದು ದಿನವೂ ಹಾಳಾಗಬಾರದು. ಐವರೂ ಇದೇ ಆರು ಇಪ್ಪತ್ತರ ಲಾಂಚಿನಲ್ಲೇ ಸಭೆ ಮುಗಿಸಿ, ಈಚೆ ದಡದಲ್ಲಿ ಮೊಟ್ಟೆ ತಿಂದು, ಮುಂದಿನ ಲಾಂಚಿಗೆ ಮರಳಿದ್ದರು. ಪ್ರಾಮಾಣಿಕರು, ಬರೆದೂ ಇಟ್ಟಿದ್ದರು: ಆರು ಇಪ್ಪತ್ತೆರಡಕ್ಕೆ ಆರಂಭ, ಆರು ಇಪ್ಪತ್ತಾರಕ್ಕೆ ಮುಕ್ತಾಯ. ಕ್ಲೆರೀಸ್ ಚೀಟಿಯ ಪ್ರಕಾರ ಲಾಂಚು ಗಡಿ ದಾಟುವುದು ಆರು ಇಪ್ಪತ್ತೆಂಟಕ್ಕೆ, ಅಂದರೆ ಸಾಲದ ಠರಾವು ಪಾಸಾದದ್ದು ನ್ಯೂಯಾರ್ಕಿನ ನೀರಿನ ಮೇಲೆ.

ಕ್ಲೆರೀಸ್ ಪತ್ರ ಬರೆದರು: ಸಭೆ ಊರ್ಜಿತವಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿದ ಕೆಸರಿಗೆ ನಿಮ್ಮ ಲಾರಿಗಳು ಹೇಗೂ ನಿಂತಿರುತ್ತವೆ, ಆಗ ಮಾಂಟ್‌ಪೀಲಿಯರ್‌ಗೆ ಬನ್ನಿ. ಮತ ಹಾಕುವ ಮೊದಲು ಕಡತ ನಲವತ್ತೊಂದನ್ನು ಗಟ್ಟಿಯಾಗಿ ಓದಿಸಿ.

ಐವರೂ ಬಂದರು. ಅಧ್ಯಕ್ಷ ಓರಿನ್ ಪೆಲ್ಕಿ ಎಪ್ಪತ್ತು ದಾಟಿದವರು, ಎರಡು ಬೆರಳು ಗರಗಸಕ್ಕೆ ಹೋಗಿವೆ. "ಎರಡು ನಿಮಿಷದ ನೀರಿಗೋಸ್ಕರ ನಮ್ಮನ್ನ ಇಲ್ಲಿಗಂಟ ಎಳೆದ್ರಲ್ಲ ತಾಯಿ," ಎಂದರು. "ಓದೋದೂ ನೀವೇ ಓದಿ. ನನ್ನ ಕನ್ನಡಕ ಮನೇಲಿದೆ."

ಕ್ಲೆರೀಸ್ ಓದಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆಳಿಗ್ಗೆ ದಾದಿ ಬರುವ ಹೊತ್ತು. ನವೆಂಬರಿನಲ್ಲಿ ಕುರ್ಚಿಯ ಬ್ಯಾಟರಿ ಬದಲಾಯಿಸಿದ್ದು. ಮಗಳ ಮದುವೆಯ ದಿನ ದಾದಿಗೆ ನಾಲ್ಕು ಗಂಟೆ ಹೆಚ್ಚಿನ ಕೂಲಿ.

ಪೆಲ್ಕಿ ಕೇಳಿದರು: "ಅವನು ಇನ್ನೂ ಇದ್ದಾನಾ?"

"ಐವತ್ತಮೂರು ವರ್ಷ. ಇನ್ನೂ ಇಪ್ಪತ್ತು ವರ್ಷ ಇರ್ತಾರೆ ಅಂತಾರೆ ಡಾಕ್ಟರು."

"ಲಾರಿ ಇಲ್ದೆ ನಾವು ಇಪ್ಪತ್ತು ವರ್ಷ ಇರಲ್ಲ," ಎಂದರು ಪಕ್ಕದಲ್ಲಿದ್ದವರು. ಅದೂ ನಿಜ. ಅವರನ್ನು ನಂಬಿ ಅರವತ್ತು ಚಾಲಕರ ಮನೆಗಳಿವೆ.

ಕ್ಲೆರೀಸ್ ಒಂದು ಹಾಳೆ ಮುಂದಿಟ್ಟರು. ಆ ಮನುಷ್ಯನ ಜೀವಮಾನದ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಕೂರಬೇಕು, ಮಾಲೀಕರ ಕೈಗೆ ಎಟುಕಬಾರದು. ಉಳಿದದ್ದರಲ್ಲಿ ಹದಿನೈದು ಲಕ್ಷ ಸಾಲ, ಲಾರಿಗಳೇ ಅಡಮಾನ. "ಆಗಲ್ಲ ಅನ್ನೋಕೆ ಒಂದು ನಿಮಿಷ ಸಾಕು," ಎನ್ನುತ್ತಾರೆ ಅವರು. "ಹೀಗಾದ್ರೆ ಆಗತ್ತೆ ಅನ್ನೋಕೆ ಎರಡು ತಿಂಗಳು ಕೂತೆ."

ಪರ ಮೂರು, ವಿರುದ್ಧ ಎರಡು ಮತಗಳಲ್ಲಿ ಹಾಳೆ ಪಾಸಾಯಿತು. ಕೊನೆಯ ಕೈ ಎತ್ತಿದವರು ಪೆಲ್ಕಿ. ಎಲ್ವಿನ್ ಎರಡೇ ದಿನದಲ್ಲಿ ಒಪ್ಪಿಗೆ ಕಳಿಸಿದರು. ಕಂಪನಿ ಸದ್ಯಕ್ಕೆ ಇಲ್ಲೇ ಉಳಿದಿದೆ. ಸೋತ ಇಬ್ಬರು ಮುಂದಿನ ವರ್ಷ ಬೇರೆ ಕಡೆ ಹೋಗುವ ಮಾತಾಡುತ್ತಿದ್ದಾರೆ. ಹೋದರೂ ಬ್ಯಾಂಕಿನಲ್ಲಿಟ್ಟ ಹಣ ಅವರ ಜೊತೆ ಹೋಗುವಂತಿಲ್ಲ.

ಬರುವ ಜೂನ್‌ನಲ್ಲಿ ಕ್ಲೆರೀಸ್ ನಿವೃತ್ತರಾಗುತ್ತಾರೆ. ಒಂಬತ್ತು ವರ್ಷ ಓದಿದ ಆ ಮನುಷ್ಯನನ್ನು ಒಮ್ಮೆಯಾದರೂ ನೋಡಬೇಕು ಅನಿಸುವುದಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಬೇಡಪ್ಪಾ. ಅವರಿಗೆ ನನ್ನ ಹೆಸರು ಗೊತ್ತಾಗೋದೇ ಬೇಡ. ಇಲಾಖೆಯವರ ಹೆಸರು ಜನರಿಗೆ ಗೊತ್ತಾಗೋದು ದುಡ್ಡು ಬರದೇ ಹೋದಾಗ. ಬೆಳಿಗ್ಗೆ ದಾದಿ ಬಂದು ಬಾಗಿಲು ತೆಗೀತಾಳಲ್ಲ, ಅದು ಯಾವಾಗಲೂ ಹಾಗೇ ಇರೋದು ಅಂತ ಅವರು ಅಂದುಕೊಂಡಿರಲಿ."