ಆತಂಕವಿಲ್ಲದ ಪಟ್ಟಿ

ನಮ್ಮ ಬಾಟನಿ ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಸದಾ ಕಂದು ಬಣ್ಣಕ್ಕಿರುತ್ತಿತ್ತು. ನಶ್ಯ ಏರಿಸುತ್ತಾರೆಂದು ಹಿರಿಯೂರಿನ ನಮ್ಮ ಕಾಲೇಜಿನಲ್ಲಿ ಅರ್ಧ ಜನ ನಂಬಿದ್ದರು, ನಾನೂ ನಂಬಿದ್ದೆ. ಅದು ಜರೀಗಿಡದ ಎಲೆಯಡಿಯ ಬೀಜಕಣಗಳ ಪುಡಿ ಎಂದು ತಿಳಿದದ್ದು ಎರಡನೆಯ ವರ್ಷದಲ್ಲಿ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವ ಮೊದಲು ಅವರು ಹಿಂಭಾಗಕ್ಕೆ ಹೋಗಿ, ಸಿಮೆಂಟ್ ತೊಟ್ಟಿಯಲ್ಲಿದ್ದ ಆ ಗಿಡದ ಎಲೆ ಮಗುಚಿ ಬೆರಳಾಡಿಸಿ ನೋಡುತ್ತಿದ್ದರು.

ಅದು ಕಡಲತೀರದ ಗಿಡ. ಹೊಳೆ ಸಮುದ್ರ ಸೇರುವ ಕಡೆ, ಉಪ್ಪು ಕೆಸರಿನಲ್ಲಿ ನಿಲ್ಲುವ ಕಾಂಡ್ಲಾ ಮರಗಳ ನಡುವೆ ಆಳೆತ್ತರ ಬೆಳೆಯುತ್ತದೆ. ಸಿಗಡಿ ಹೊಂಡಕ್ಕೆಂದು ಕಾಂಡ್ಲಾ ಕಡಿದು ಬೋಳಾದ ಜಾಗದಿಂದ ಮೇಡಂ ಒಂದು ಮರಿಯನ್ನು ಬೇರುಸಮೇತ ತಂದಿದ್ದರಂತೆ. ನಮ್ಮ ಕಾಲೇಜಿನ ಬೋರ್‌ವೆಲ್ ನೀರೋ ಸವಳು. ಸೋಪು ತಿಕ್ಕಿದರೆ ನೊರೆ ಬಾರದು. ಪ್ರಿನ್ಸಿಪಾಲರು ಆಸೆಯಿಂದ ನೆಡಿಸಿದ ಗುಲಾಬಿಗಳೆಲ್ಲ ಆ ನೀರಿಗೆ ಸತ್ತವು. ಕರಾವಳಿಯಿಂದ ಬಂದದ್ದು ಮಾತ್ರ ತನ್ನೂರೇ ಎಂಬಂತೆ ಬದುಕಿಕೊಂಡಿತು.

ಉಪ್ಪೆಂದರೆ ಅದಕ್ಕೆ ಪ್ರಾಣವಿರಬೇಕು ಎಂದು ನಾನು ತೀರ್ಮಾನಿಸಿದೆ. ದಸರಾ ರಜೆಗೆ ಊರಿಗೆ ಹೊರಡುವ ದಿನ, ಮೇಡಂಗೆ ಉಪಕಾರ ಮಾಡಿದಂತಾಗಲಿ ಎಂದು ಹಾಸ್ಟೆಲಿನ ಅಡುಗೆಮನೆಯಿಂದ ಎರಡು ಬೊಗಸೆ ಕಲ್ಲುಪ್ಪು ತಂದು ತೊಟ್ಟಿಗೆ ಸುರಿದೆ. ಅತಿ ಬುದ್ಧಿವಂತಿಕೆ. ತಿರುಗಿ ಬಂದಾಗ ಎಲೆಗಳೆಲ್ಲ ಸುಟ್ಟ ಹಪ್ಪಳದಂತಾಗಿದ್ದವು. ತಪ್ಪು ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

“ಅಲ್ಲ ಕಣಮ್ಮ, ಉಪ್ಪು ಅದಕ್ಕೆ ಇಷ್ಟ ಅಂತ ನಿಂಗ್ಯಾರು ಹೇಳಿದ್ರು? ಸಿಹಿನೀರು ಕೊಟ್ರೆ ಇನ್ನೂ ಚೆನ್ನಾಗಿ ಬೆಳೀತೈತೆ. ಉಪ್ಪುನ್ನ ತಡ್ಕಂತೈತೆ, ಅಷ್ಟೆ. ತಡ್ಕಳದೇ ಬೇರೆ, ಇಷ್ಟಪಡದೇ ಬೇರೆ.”

ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದ ಅವರು, ಆಮೇಲೆ ಒಂದು ವಾರ, ತಮಗೆ ಕುಡಿಯಲು ತಂದಿಟ್ಟ ಫಿಲ್ಟರ್ ನೀರನ್ನು ದಿನಾ ಕ್ಯಾನಿನಲ್ಲಿ ಹೊತ್ತು ತಂದು ಸುರಿದು ತೊಟ್ಟಿಯ ಮಣ್ಣಿನ ಉಪ್ಪು ತೊಳೆದರು. ನಾನು ಕ್ಯಾನಿಗೆ ಕೈ ಹಾಕಿದರೆ “ಬಿಡಮ್ಮ, ಏನ್ ಭಾರ ಇಲ್ಲ” ಎನ್ನುವರು. ಹಾಗೆನ್ನುವಾಗ ಅವರ ರವಿಕೆ ಬೆವರಿಗೆ ತೊಯ್ದಿರುತ್ತಿತ್ತು. ತಿಂಗಳ ಹೊತ್ತಿಗೆ ಗಿಡದ ನಡುವಿನಿಂದ ಸುರುಳಿ ಸುತ್ತಿದ ಹೊಸ ಚಿಗುರು ಎದ್ದಿತು.

ಜೀವಿಗಳನ್ನು ಅಳಿವಿನ ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ಪಟ್ಟಿಯ ಪಾಠ ಮಾಡುವಾಗ ಈ ಗಿಡದ ಹೆಸರಿನ ಮುಂದೆ ಅವರು ಬೋರ್ಡಿನ ಮೇಲೆ ‘ಆತಂಕವಿಲ್ಲ’ ಎಂದು ಬರೆದರು. ಹಿಂದಿನ ಬೆಂಚಿನಿಂದ ಒಬ್ಬ “ಹಂಗಾರೆ ಬಿಟ್ಟು ಮುಂದಕ್ಕೆ ಹೋಗಾಣ ಮೇಡಂ” ಎಂದ. ನಾವೆಲ್ಲ ನಕ್ಕೆವು, ಅವರೂ ನಕ್ಕರು.

“ಇದಕ್ಕೇನೂ ಆತಂಕ ಇಲ್ಲಪ್ಪ. ಆದ್ರೆ ಇದು ಒತ್ತಾಗಿ ಬೆಳೆದಿರ ಕಡೆ ನಿಂತು ನೋಡ್ರಿ, ಅಲ್ಲಿ ಕಾಂಡ್ಲಾ ಹೋಗಿರ್ತೈತೆ. ಇದು ಹಬ್ಬಿದ ಮೇಲೆ ಕಾಂಡ್ಲಾ ಸಸಿ ಏಳಕ್ಕೂ ಜಾಗ ಇರಲ್ಲ. ಹಸುರು ಐತೆ ಅಂದ್ರೆ ಎಲ್ಲ ಸರಿ ಐತೆ ಅಂತಲ್ಲ.”

ನಾನು ಹೊಸದುರ್ಗದಲ್ಲಿ ವಿಜ್ಞಾನದ ಟೀಚರ್ ಆದದ್ದು ಅವರಿಂದಲೇ. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ. ಆರೋಗ್ಯ ವಿಚಾರಿಸಿದರೆ “ನಂದು ಆತಂಕವಿಲ್ಲದ ಪಟ್ಟಿ ಕಣಮ್ಮ” ಎಂದು ನಕ್ಕು ಗಿಡದ ಸುದ್ದಿಗೆ ಹಾರುವರು. ನಾನೂ ನಗುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಮಾತಿನ ನಡುನಡುವೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದರು. “ರಜಾಕ್ಕೆ ಒಂದ್ಸಲ ಬಂದೋಗು. ತೊಟ್ಟಿ ನೋಡಿದಂಗಾಗ್ತೈತೆ” ಎಂದರು. ಇಷ್ಟು ವರ್ಷದಲ್ಲಿ ಬಾ ಎಂದು ಕರೆದದ್ದು ಅದೊಂದೇ ಸಲ. ತೊಟ್ಟಿ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ. ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು, ಹೋಗಲಿಲ್ಲ.

ಶಾಲೆ ಶುರುವಾದ ವಾರ ಅವರ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅವರ ಅಣ್ಣ. ಹೊಳಲ್ಕೆರೆ ಕಡೆಯ ಅವರ ಊರು ಬಿ.ದುರ್ಗ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಎರಡು ವರ್ಷದಿಂದ ಶ್ವಾಸಕೋಶದ ಕ್ಯಾನ್ಸರ್ ಇತ್ತಂತೆ. ಒಬ್ಬರೇ ಬಸ್ಸು ಹತ್ತಿ ದಾವಣಗೆರೆಯ ಆಸ್ಪತ್ರೆಗೆ ಹೋಗಿ ಬರುತ್ತಿದ್ದರಂತೆ. ಅಣ್ಣ ಚಾಪೆ ಹಾಸಿ “ಕುಂತ್ಕಳ್ರಿ” ಎಂದರು.

“ಬೇಸಿಗೇಲೇ ಊರಿಗೆ ಬಾ ಅಂತ ಕರದ್ವಿ, ಬರಲಿಲ್ಲ ಕಣ್ರಿ. ‘ನನ್ನ ಹುಡುಗಿ ರಜಾಕ್ಕೆ ಬರ್ತಾಳೆ, ಕೋಣೆಗೆ ಬೀಗ ಇದ್ರೆ ವಾಪಸ್ ಹೋಗ್ತಾಳೆ’ ಅಂತಿದ್ಲು. ರಜಾ ಮುಗಿಯೋವರೆಗೂ ಅಲ್ಲೇ ಇದ್ಲು.”

ಮರುದಿನ ಹಿರಿಯೂರಿಗೆ ಹೋದೆ. ತೊಟ್ಟಿಯಲ್ಲಿ ಗಿಡ ಆಳೆತ್ತರ, ಹಚ್ಚಗೆ ನಿಂತಿತ್ತು. ಎಲೆ ಮಗುಚಿ ಬೆರಳಾಡಿಸಿದೆ, ತುದಿ ಕಂದಾಯಿತು. ತಡೆದುಕೊಳ್ಳುವುದೇ ಬೇರೆ, ಇಷ್ಟಪಡುವುದೇ ಬೇರೆ ಎಂದು ಅದೇ ತೊಟ್ಟಿಯ ಮುಂದೆ ನಿಂತು ಕಲಿತವಳು ನಾನು. “ನಿಜ ಹೇಳಿ ಮೇಡಂ” ಎಂದು ಫೋನಿನಲ್ಲಿ ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ.