ಶನಿವಾರ ಮಧ್ಯಾಹ್ನದ ಕರಡಿಗೆ

ಕರಡಿಗೆ ತೂಗುಹಾಕುತ್ತಿದ್ದ ಆ ಮೊಳೆ ಮೊಳೆಯೇ ಅಲ್ಲದಿರಬಹುದು. ದೇವರ ಮನೆಯ ಬಾಗಿಲ ಪಕ್ಕದ ಸ್ಟೀಲ್ ಕೊಕ್ಕೆ ಎಂದು ಹೆಂಡತಿ ಈಗಲೂ ವಾದಿಸುತ್ತಾಳೆ. ನನ್ನ ನೆನಪಿನಲ್ಲಿ ಅದು ಹಾಲ್‌ನಲ್ಲಿ ಕ್ಯಾಲೆಂಡರ್ ನೇತುಹಾಕಿದ್ದ ಮೊಳೆ. ನೆನಪು ತನಗೆ ಅನುಕೂಲವಾದ ಜಾಗವನ್ನೇ ಆರಿಸಿಕೊಳ್ಳುತ್ತದೆ ಎಂಬ ಅನುಮಾನ ನನಗಿದೆ. ಕ್ಯಾಲೆಂಡರ್ ಇದ್ದರೆ ಶನಿವಾರಗಳನ್ನು ತೋರಿಸುವುದು ಸುಲಭ. ಯಾವುದಾದರೂ ಆಗಲಿ, ನಾನು ನನ್ನ ಕರಡಿಗೆಯನ್ನು ಕೊರಳಿನಿಂದ ತೆಗೆದು ಅಲ್ಲಿ ತೂಗುಹಾಕುತ್ತಿದ್ದದ್ದು ನಿಜ.

ಕರಡಿಗೆ ಎಂದರೆ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ನಮ್ಮಲ್ಲಿ ದೀಕ್ಷೆಯಾದ ಮೇಲೆ ಅದನ್ನು ಮೈಯಿಂದ ಬೇರೆ ಮಾಡುವಂತಿಲ್ಲ. ಜ್ವರದಲ್ಲೂ ಇರಬೇಕು, ಬಸ್ಸಿನ ನೂಕುನುಗ್ಗಲಲ್ಲೂ ಇರಬೇಕು. ನಾನು ಅದನ್ನು ತೆಗೆಯುತ್ತಿದ್ದದ್ದು ಶನಿವಾರ ಮಧ್ಯಾಹ್ನ, ಸುಮಾರು ನಲವತ್ತು ನಿಮಿಷ. ಆ ಹೊತ್ತಿಗೆ ಹೆಂಡತಿ ಆರ್‌ಪಿಸಿ ಲೇಔಟ್‌ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಯಾರಿಗೋ ಬಾಯಿ ಅಗಲಿಸಿ ಎನ್ನುತ್ತಿರುತ್ತಿದ್ದಳು. ಅಮ್ಮ ಬಸವೇಶ್ವರನಗರದ ನಮ್ಮ ಮನೆಯಿಂದ ಮೂರು ರಸ್ತೆ ಆಚೆ, ಹೆಂಗಸರ ವಚನ ಗಾಯನದ ಗುಂಪಿನಲ್ಲಿ ತಾಳ ಹಾಕುತ್ತಿರುತ್ತಿದ್ದರು. ನಾನು, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಲವತ್ತಾರರ ಗಂಡಸು, ರೂಮಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಬ್ಲೂ ಫಿಲ್ಮ್ ನೋಡುತ್ತಿದ್ದೆ. ಈಗ ಯಾರೂ ಹಾಗೆ ಕರೆಯುವುದಿಲ್ಲ. ನನಗೆ ಅಭ್ಯಾಸವಾದ ಹೆಸರು ಅದು. ಕರಡಿಗೆ ಹೊರಗೆ, ನಾನು ಒಳಗೆ. ಅದು ಎದೆಯ ಮೇಲಿರುವಾಗ ನೋಡುವ ಧೈರ್ಯ ನನಗಿರಲಿಲ್ಲ.

ಇದರಿಂದ ನಿಜಕ್ಕೂ ಕೆಡುಕಿದೆಯೇ ಎಂದು ಯೋಚಿಸದೆ ಇದ್ದವನಲ್ಲ ನಾನು. ಹುಡುಕಿ ಓದಿದ ಒಂದು ಲೇಖನ ಮೆದುಳು ಹಾಳಾಗುತ್ತದೆ ಎಂದಿತು, ಇನ್ನೊಂದು ಏನೂ ಆಗುವುದಿಲ್ಲ ಎಂದಿತು, ಮೂರನೆಯದು ಎಲ್ಲ ಹೆದರಿಸಿ ಕೊನೆಯಲ್ಲಿ ಲೇಹ್ಯ ಮಾರಲು ನೋಡಿತು. ಬೇಸತ್ತು ನನ್ನ ಮೇಲೇ ಪ್ರಯೋಗ ಮಾಡಿದೆ. ಮೂರು ವಾರ ನೋಡಲಿಲ್ಲ. ಸಿಡುಕು ಹೆಚ್ಚಾಯಿತು, ನಿದ್ದೆ ಕಡಿಮೆಯಾಯಿತು. ಆದರೆ ಅವು ಉತ್ತರಪತ್ರಿಕೆ ತಿದ್ದುವ ವಾರಗಳಾಗಿದ್ದವು. ಇಂಥ ಪ್ರಯೋಗವನ್ನು ವಿದ್ಯಾರ್ಥಿಯೊಬ್ಬ ರೆಕಾರ್ಡ್ ಪುಸ್ತಕದಲ್ಲಿ ಬರೆದು ತಂದಿದ್ದರೆ ಪುಟದ ತುಂಬ ಅಡ್ಡಗೆರೆ ಎಳೆಯುತ್ತಿದ್ದೆ.

ಒಂದು ಶನಿವಾರ ಮೂಡಲಪಾಳ್ಯದಿಂದ ಬರಬೇಕಾದ ಹಾರ್ಮೋನಿಯಂ ಆಂಟಿ ಬರಲಿಲ್ಲ. ಅಮ್ಮ ಬೇಗ ವಾಪಸಾದರು. ನಾನು ರೂಮಿನಿಂದ ಹೊರಗೆ ಬಂದಾಗ ಅವರು ಸೋಫಾದಲ್ಲಿ ಕೂತು ನನ್ನ ಕರಡಿಗೆಯನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದರು. ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಅವರ ತಮ್ಮನಿಗೆ ಫೋನ್ ಮಾಡಿದರು.

ಈ ಸೋದರಮಾವ ವಿಜಯನಗರದಲ್ಲಿರುವ ನಿವೃತ್ತ ಎಂಜಿನಿಯರ್. ಮಾರನೆಯ ಬೆಳಗ್ಗೆ ಬಂದು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಅಮ್ಮನ ಮುಂದೆಯೇ ಕೇಳಿದರು.

"ನೋಡಪ್ಪಾ, ನೇರವಾಗಿ ಕೇಳ್ತೀನಿ. ನೀನು ನಾಸ್ತಿಕ ಆಗ್ಬಿಟ್ಟಿದೀಯಾ?"

ಅಲ್ಲ ಎಂದರೆ ಮತ್ತೇಕೆ ತೆಗೆದೆ ಎಂಬ ಪ್ರಶ್ನೆ ಬರುತ್ತದೆ. ಇಷ್ಟನ್ನು ನಾನು ಅರೆಕ್ಷಣದಲ್ಲಿ ಲೆಕ್ಕ ಹಾಕಿದೆ ಎಂದು ಈಗ ಅನ್ನಿಸುತ್ತದೆ. ಆಗ ಬಹುಶಃ ಬಾಯಿಗೆ ಬಂದದ್ದನ್ನು ಹೇಳಿದೆ ಅಷ್ಟೆ.

"ಹೌದು ಮಾವ. ಸ್ವಲ್ಪ ದಿನದಿಂದ," ಎಂದೆ.

ಮಾವನ ಮುಖದಲ್ಲಿ ಕಂಡದ್ದು ದುಃಖವಲ್ಲ. ನಿವೃತ್ತರಾದ ಮೇಲೆ ಅವರಿಗೆ ವಾದಕ್ಕೆ ಯಾರೂ ಸಿಕ್ಕಿರಲಿಲ್ಲ. ಪ್ರತಿ ಭಾನುವಾರ ಬರತೊಡಗಿದರು, ಟಿಪ್ಪಣಿ ಮಾಡಿಕೊಂಡು. ಸುಳ್ಳನ್ನು ಉಳಿಸಿಕೊಳ್ಳಲು ನಾನೂ ಓದಲೇಬೇಕಾಯಿತು. ಶನಿವಾರದ ನಲವತ್ತು ನಿಮಿಷ ಈಗ ನಾಸ್ತಿಕವಾದದ ತಯಾರಿಗೆ ಹೋಗುತ್ತಿತ್ತು. ಅದನ್ನಂತೂ ಕರಡಿಗೆ ಹಾಕಿಕೊಂಡೇ ಓದಿದೆ, ಯಾವ ಅಳುಕೂ ಆಗಲಿಲ್ಲ. ನಾಲ್ಕನೆಯ ಭಾನುವಾರವೋ ಐದನೆಯದೋ, ಗೆದ್ದುಬಿಟ್ಟೆ. ಮಾವ ನೀರು ಕೇಳಿದರು.

ಗೆದ್ದದ್ದು ಅಮ್ಮನಿಗೆ ಕೇಳಿಸಿತ್ತು. ನಾನು ಕಾಲೇಜಿಗೆ ಹೊರಡುವಾಗ ಅವರೇ ಹಣೆಗೆ ವಿಭೂತಿ ಹಚ್ಚುವುದು ಮೊದಲಿನಿಂದ ಬಂದದ್ದು. ಮರುದಿನ ಹಚ್ಚಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಇವನಿಗೆ ಬೇಡವೇನೋ ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಆಮೇಲೆ ಸೋಮವಾರದ ಉಪವಾಸ ಶುರುವಾಯಿತು, ಅದಕ್ಕೆ ಗುರುವಾರ ಸೇರಿತು. ಎಪ್ಪತ್ತೆರಡರ ಹೆಂಗಸು, ನಾನು ಕೆಟ್ಟೆನೆಂದು ಊಟ ಬಿಡುತ್ತಿದ್ದರು. ನಾನು ಕೆಟ್ಟಿದ್ದೆನೋ ಇಲ್ಲವೋ, ಅವರು ಅಂದುಕೊಂಡ ಕಡೆಯಿಂದಂತೂ ಅಲ್ಲ.

ಹೆಂಡತಿ ಇಷ್ಟೂ ದಿನ ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ಒಣಗಿದ ಬಟ್ಟೆ ಮಡಚುತ್ತ, "ಶನಿವಾರ ಮಧ್ಯಾಹ್ನ ಮಾತ್ರ ನಾಸ್ತಿಕರಾಗೋರನ್ನ ನಾನು ಎಲ್ಲೂ ನೋಡಿಲ್ಲ ರೀ," ಎಂದಳು.

ಹೇಳಿಬಿಟ್ಟೆ. ಅವಳು ನಕ್ಕಳು ಎಂದು ನನ್ನ ನೆನಪು. ನಗಲಿಲ್ಲ ಎಂದು ಅವಳದು. ಮುಂದಿನ ಮಾತಿನ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

"ನೀವು ನೋಡೋದು ನನಗಿಷ್ಟ ಇಲ್ಲ, ಅದು ಬೇರೆ ಮಾತು. ಆದ್ರೆ ಶನಿವಾರ ಸಾಯಂಕಾಲ ನಾನು ಬಂದ್ರೆ ನೀವು ನನ್ನ ಮುಖ ನೋಡಲ್ಲ. ನಾಲ್ಕು ವರ್ಷ ಆಯ್ತು. ಕ್ಲಿನಿಕ್ ವಾಸನೆ ಹೊಡೆಯತ್ತೇನೋ ಅನ್ಕೊಂಡು ಬಂದ ತಕ್ಷಣ ಸ್ನಾನ ಮಾಡ್ತಿದ್ದೆ."

ನನ್ನ ಕೈಯಲ್ಲಿ ಮಡಚಬೇಕಾದ ಟವೆಲ್ ಇತ್ತು. ಅದನ್ನು ಎಷ್ಟು ಸಲ ಮಡಚಿದೆನೋ.

"ಮೊದಲು ಅಮ್ಮಂಗೆ ಹೇಳಿ," ಎಂದಳು. "ಅವರು ಊಟ ಬಿಟ್ಟಿದಾರೆ."

ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಎದುರು ಕೂತು ನಾನೂ ಹಿಸುಕತೊಡಗಿದೆ. ಕಾಳಿನ ಕಡೆ ನೋಡುತ್ತಿದ್ದರೆ ಮಾತು ಸುಲಭ. ದೇವರ ಮೇಲೆ ನನಗೆ ಅನುಮಾನವಿಲ್ಲ, ಶನಿವಾರ ಲ್ಯಾಪ್‌ಟಾಪಿನಲ್ಲಿ ನೋಡಬಾರದ್ದನ್ನು ನೋಡುತ್ತಿದ್ದೆ, ನಾಚಿಕೆಯಾಗಿ ಕರಡಿಗೆಯನ್ನು ತೆಗೆದಿಡುತ್ತಿದ್ದೆ ಎಂದೆ. ಒಂದು ಕಾಳು ಜಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಅಮ್ಮ ಅದು ಹೋದ ದಿಕ್ಕನ್ನೇ ನೋಡಿದರು.

"ಏನ್ ನೋಡ್ತಿದ್ದೆ ಅಂತ ನಾನು ಕೇಳಲ್ಲ," ಎಂದರು. "ನೋಡೋದಾದ್ರೆ ಹಾಕ್ಕೊಂಡೇ ನೋಡ್ಬೇಕಿತ್ತು ಕಣೋ. ಮೈಯಿಂದ ಯಾಕೆ ತೆಗೆದೆ?"

ಆ ಮಧ್ಯಾಹ್ನ ಅವರು ಹಿತಕಬೇಳೆ ಸಾರಿನಲ್ಲಿ ಎರಡು ಮುದ್ದೆ ಉಂಡರು. ಮರುದಿನ ನನ್ನ ಹಣೆಗೆ ವಿಭೂತಿ ಬಂತು, ಎಂದಿಗಿಂತ ಸ್ವಲ್ಪ ದಪ್ಪಗೆ. ಮಾವನಿಗೆ ಯಾರೂ ನಿಜ ಹೇಳಿಲ್ಲ. ಅವರು ಈಗಲೂ ಭಾನುವಾರ ಬರುತ್ತಾರೆ, ಈಗೀಗ ಗೆಲ್ಲುತ್ತಿದ್ದಾರೆ.

ಅಮ್ಮ ಹೇಳಿದಂತೆ ಹಾಕಿಕೊಂಡೇ ಒಂದು ಸಲ ಕೂತದ್ದೂ ಉಂಟು. ಎರಡು ನಿಮಿಷಕ್ಕೆ ಎದ್ದೆ. ಅಥವಾ ಇಂಟರ್ನೆಟ್ ಹೋಗಿತ್ತು. ಯಾವುದು ಮೊದಲೆಂದು ಖಚಿತವಿಲ್ಲ.

ನೋಡುವುದರಿಂದ ಕೆಡುಕಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ನಾಲ್ಕು ವರ್ಷ ಶನಿವಾರದ ಸಂಜೆ ನಾನು ಹೆಂಡತಿಯ ಮುಖ ನೋಡದೆ ಇದ್ದದ್ದು ಪರದೆಯ ಮೇಲೆ ಕಂಡದ್ದರಿಂದಲೋ, ಕಂಡದ್ದನ್ನು ಬಚ್ಚಿಟ್ಟದ್ದರಿಂದಲೋ? ಇವೆರಡನ್ನು ಬೇರ್ಪಡಿಸುವ ಪ್ರಯೋಗ ನನಗೆ ತಿಳಿಯದು. ಈಗ ಅವಳು ಬಂದಾಗ ಬಾಗಿಲಲ್ಲೇ ನಿಂತು ಮುಖ ನೋಡುತ್ತೇನೆ, ತುಸು ಅತಿಯಾಗಿಯೇ. ಅವಳು ಚಪ್ಪಲಿ ಬಿಟ್ಟು, ಬ್ಯಾಗ್ ಇಟ್ಟು, ಈಗಲೂ ನೇರ ಸ್ನಾನಕ್ಕೆ ಹೋಗುತ್ತಾಳೆ. ಅಭ್ಯಾಸಬಲವೋ ಇನ್ನೇನೋ, ನನಗೆ ಗೊತ್ತಿಲ್ಲ. ಕೇಳಿಲ್ಲ.